ತಡವೇಕೆ ಎಂದು ಕೇಳುವ ಮುನ್ನ

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವಳನ್ನು ಕೇಳಬಾರದೆಂದು ಕಾನೂನು ಒಂದೊಂದಾಗಿ ಹೊರಗಟ್ಟಿದ ಪ್ರಶ್ನೆಗಳು ಮನೆಯ ಪಡಸಾಲೆಯಲ್ಲಿ, ಠಾಣೆಯಲ್ಲಿ, ಸದನದಲ್ಲಿ ಇನ್ನೂ ಜೀವಂತವಾಗಿವೆ. ಆ ಪ್ರಶ್ನೆಗಳು ಅವಳನ್ನು ನೋಯಿಸಿ ಸುಮ್ಮನಾಗುವುದಿಲ್ಲ, ಸಾಕ್ಷ್ಯವನ್ನೂ ಅಳಿಸಿಹಾಕುತ್ತವೆ.

ದಣಿದ ಹೆಣ್ಣೊಬ್ಬಳು ನಿದ್ದೆ ಹೋದಳೆಂಬುದೇ ಅವಳ ಮಾತನ್ನು ಅನುಮಾನಿಸಲು ಕಾರಣವಾಗಬಹುದೇ? 2020ರ ಜೂನ್ 22ರಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠವು ಅತ್ಯಾಚಾರದ ಆರೋಪಿಯೊಬ್ಬನಿಗೆ ನಿರೀಕ್ಷಣಾ ಜಾಮೀನು ನೀಡುವಾಗ ಹಾಗೇ ಭಾವಿಸಿತು. ಕೃತ್ಯದ ಬಳಿಕ ದಣಿದು ನಿದ್ದೆ ಹೋದೆ ಎಂದು ದೂರುದಾರೆ ಹೇಳಿದ್ದು ಭಾರತೀಯ ಹೆಣ್ಣಿಗೆ ತಕ್ಕುದಲ್ಲ, ನಮ್ಮ ಹೆಣ್ಣುಮಕ್ಕಳು ಇಂಥ ಹೊತ್ತಿನಲ್ಲಿ ನಡೆದುಕೊಳ್ಳುವ ರೀತಿ ಇದಲ್ಲ ಎಂಬ ಅರ್ಥದ ಮಾತು ಆ ಆದೇಶದಲ್ಲಿತ್ತು. ರಾತ್ರಿ ಹನ್ನೊಂದಕ್ಕೆ ಆಕೆ ಕಚೇರಿಗೆ ಹೋದದ್ದೇಕೆ, ಆತನ ಜೊತೆ ಮದ್ಯ ಸೇವಿಸಿದ್ದೇಕೆ ಎಂಬ ಪ್ರಶ್ನೆಗಳೂ ಇದ್ದವು. ದೇಶದ ಉದ್ದಗಲಕ್ಕೂ ವಿರೋಧ ಎದ್ದಿತು. ಹತ್ತು ದಿನಗಳ ಬಳಿಕ, ಜುಲೈ 2ರಂದು, ನಿದ್ದೆಯ ಕುರಿತ ಆ ಮಾತನ್ನು ನ್ಯಾಯಾಲಯವೇ ಆದೇಶದಿಂದ ತೆಗೆದುಹಾಕಿತು.

ತೆಗೆದದ್ದು ಒಳ್ಳೆಯದಾಯಿತು. ಆದರೆ ಆ ಸಾಲು ಆದೇಶಕ್ಕೆ ಬಂದದ್ದು ಯಾವ ಕಾನೂನು ಪುಸ್ತಕದಿಂದಲೂ ಅಲ್ಲ. ನಿಜವಾಗಿ ಅನ್ಯಾಯಕ್ಕೆ ಒಳಗಾದ ಹೆಣ್ಣು ಹೇಗಿರುತ್ತಾಳೆ ಎಂಬ ಚಿತ್ರವೊಂದು ನಮ್ಮೆಲ್ಲರ ತಲೆಯಲ್ಲಿ ಮೊದಲೇ ಇದೆ. ಅವಳು ಚೀರಬೇಕು, ಪರಚಬೇಕು, ಬಟ್ಟೆ ಹರಿದಿರಬೇಕು, ಮೈಮೇಲೆ ಗಾಯ ಕಾಣಬೇಕು. ಎದ್ದವಳೇ ನೇರ ಠಾಣೆಗೆ ಓಡಬೇಕು. ಹೇಳುವಾಗ ಅಳಬೇಕು, ಹೇಳಿದ್ದನ್ನು ಎಷ್ಟು ಸಲ ಕೇಳಿದರೂ ಒಂದಕ್ಷರ ತಪ್ಪದೆ ಹೇಳಬೇಕು. ಆಮೇಲೆ ಬದುಕಿನಲ್ಲಿ ನಗಬಾರದು. ಈ ಚಿತ್ರಕ್ಕೆ ಹೊಂದದವಳ ಮಾತು ನಮ್ಮ ಕಿವಿಗೆ ಸುಳ್ಳಿನಂತೆ ಕೇಳಿಸುತ್ತದೆ. ನ್ಯಾಯಮೂರ್ತಿಗಳೂ ನಮ್ಮ ನಿಮ್ಮಂಥ ಮನೆಗಳಲ್ಲೇ ಬೆಳೆದವರು.

ಮೈ ಮರಗಟ್ಟಿದಾಗ

'ಕೂಗಬಾರದಿತ್ತೇ?' ಎಂಬುದು ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರ ಸಂತ್ರಸ್ತೆಯರಿಗಾಗಿಯೇ ಇರುವ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಹಿಳೆಯರನ್ನು ಮಾತಾಡಿಸಿ ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 70 ಮಂದಿ, ಆ ಹೊತ್ತಿನಲ್ಲಿ ಕೈಕಾಲು ಆಡದೆ, ದನಿ ಹೊರಡದೆ ಮೈ ಮರಗಟ್ಟಿತ್ತು ಎಂದರು. ಸುಮಾರು ಅರ್ಧದಷ್ಟು ಮಂದಿಗೆ ಈ ಸ್ಥಿತಿ ತೀರಾ ತೀವ್ರವಾಗಿತ್ತು. ಇದು ಹೇಡಿತನವಲ್ಲ, ಒಪ್ಪಿಗೆಯಂತೂ ಅಲ್ಲವೇ ಅಲ್ಲ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ ಎನಿಸಿದ ಗಳಿಗೆಯಲ್ಲಿ ಜೀವ ಉಳಿಸಿಕೊಳ್ಳಲು ನರಮಂಡಲ ತಾನಾಗಿಯೇ ಮಾಡುವ ಕೆಲಸ. ಮನಸ್ಸಿನ ಅಪ್ಪಣೆಗೆ ಅದು ಕಾಯುವುದಿಲ್ಲ. ಹೀಗೆ ಮರಗಟ್ಟಿದವರಲ್ಲಿ ಮುಂದೆ ಖಿನ್ನತೆ ಮತ್ತು ಆಘಾತದ ಕಾಯಿಲೆ ಹೆಚ್ಚು ಕಂಡುಬಂದದ್ದನ್ನೂ ಅದೇ ಅಧ್ಯಯನ ದಾಖಲಿಸಿತು. 'ನಾನೇಕೆ ಕೂಗಲಿಲ್ಲ' ಎಂಬ ಪ್ರಶ್ನೆ ಅವರನ್ನು ಒಳಗೊಳಗೇ ತಿನ್ನುತ್ತಿರುತ್ತದೆ. ಹೊರಗಿನಿಂದ ನಾವೂ ಅದನ್ನೇ ಕೇಳುತ್ತೇವೆ.

ನಮ್ಮ ಕಾನೂನು ಇದನ್ನು ಒಪ್ಪಿಕೊಂಡು ವರ್ಷಗಳಾಗಿವೆ. ಮೈಬಲದಿಂದ ಎದುರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಹೆಣ್ಣು ಒಪ್ಪಿದ್ದಳೆಂದು ತಿಳಿಯುವಂತಿಲ್ಲ ಎಂದು 2013ರ ತಿದ್ದುಪಡಿ ಸ್ಪಷ್ಟವಾಗಿ ಬರೆಯಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ನಿನಲ್ಲೂ ಆ ಮಾತು ಹಾಗೇ ಉಳಿದಿದೆ.

ಕಾನೂನು ನಡೆದು ಬಂದ ದಾರಿ

ಆ ಒಂದು ವಾಕ್ಯಕ್ಕಾಗಿ ನಾಲ್ಕು ದಶಕಗಳ ಹೋರಾಟ ಬೇಕಾಯಿತು. 1972ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯ ಒಳಗೇ ಇಬ್ಬರು ಪೊಲೀಸರು ತನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರೆಂದು ಆದಿವಾಸಿ ಬಾಲಕಿಯೊಬ್ಬಳು ಆರೋಪಿಸಿದಳು. ಕಾನೂನಿನ ಚರಿತ್ರೆ ಇದನ್ನು ಮಥುರಾ ಪ್ರಕರಣ ಎಂದು ಕರೆಯುತ್ತದೆ. ಆಕೆಗೆ ಮೊದಲೇ ಲೈಂಗಿಕ ಸಂಬಂಧವಿತ್ತು ಎಂಬುದನ್ನು ಹಿಡಿದು ಸೆಷನ್ಸ್ ನ್ಯಾಯಾಲಯ ಪೊಲೀಸರನ್ನು ಬಿಟ್ಟಿತು. ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ ಶಿಕ್ಷೆ ವಿಧಿಸಿತು. ಭಯದಿಂದ ಸುಮ್ಮನಿದ್ದುದನ್ನು ಒಪ್ಪಿಗೆ ಎನ್ನಲಾಗದು ಎಂದಿತು. 1978ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಮೈಮೇಲೆ ಗಾಯಗಳಿರಲಿಲ್ಲ, ಆಕೆ ಕೂಗಿಕೊಳ್ಳಲಿಲ್ಲ ಎಂಬುದು ಕಾರಣ. ಪೊಲೀಸ್ ಠಾಣೆಯೊಳಗೆ ಪೊಲೀಸರಿಂದ ರಕ್ಷಿಸಿ ಎಂದು ಆ ಹುಡುಗಿ ಯಾರನ್ನು ಕೂಗಬೇಕಿತ್ತು?

ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಪ್ರಾಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಶರಣಾದದ್ದಕ್ಕೂ ಒಪ್ಪಿದ್ದಕ್ಕೂ ಇರುವ ವ್ಯತ್ಯಾಸವನ್ನು ಆ ಪತ್ರ ದೇಶಕ್ಕೆ ತಿಳಿಹೇಳಿತು. ಮಹಿಳಾ ಸಂಘಟನೆಗಳು ಬೀದಿಗಿಳಿದವು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಪೊಲೀಸರ ವಶದಲ್ಲಿ, ಜೈಲಿನಲ್ಲಿ, ಆಸ್ಪತ್ರೆಯಲ್ಲಿ ನಡೆಯುವ ಇಂಥ ಪ್ರಕರಣಗಳಲ್ಲಿ ಹೆಣ್ಣು 'ಒಪ್ಪಿರಲಿಲ್ಲ' ಎಂದರೆ ಆ ಮಾತನ್ನೇ ಆಧಾರವಾಗಿಟ್ಟುಕೊಳ್ಳಬೇಕೆಂದಾಯಿತು. ಸಂತ್ರಸ್ತೆಯ ಹೆಸರು ಬಯಲು ಮಾಡುವುದು ಅಪರಾಧವಾಯಿತು.

ಆದರೂ ಅವಳ 'ನಡತೆ' ಕಟಕಟೆಯಲ್ಲೇ ನಿಂತಿತ್ತು. ಅತ್ಯಾಚಾರದ ಮೊಕದ್ದಮೆಯಲ್ಲಿ ಹೆಣ್ಣು ನಡತೆಗೆಟ್ಟವಳೆಂದು ತೋರಿಸಿ ಅವಳ ಸಾಕ್ಷ್ಯವನ್ನು ಅಲ್ಲಗಳೆಯಲು 1872ರ ಸಾಕ್ಷ್ಯ ಅಧಿನಿಯಮ ಅವಕಾಶ ಕೊಟ್ಟಿತ್ತು. ಆ ಉಪಕಲಮು ತೊಲಗಿದ್ದು 2002ರ ತಿದ್ದುಪಡಿಯಲ್ಲಿ, ನೂರಮೂವತ್ತು ವರ್ಷಗಳ ಬಳಿಕ. 2012ರ ಡಿಸೆಂಬರ್ 16ರ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 29 ದಿನಗಳಲ್ಲಿ ವರದಿ ಕೊಟ್ಟಿತು. ಸಂತ್ರಸ್ತೆಯ ಹಿಂದಿನ ಲೈಂಗಿಕ ಬದುಕಿಗೂ ಆಕೆಯ ಸಮ್ಮತಿಯ ಪ್ರಶ್ನೆಗೂ ಸಂಬಂಧವಿಲ್ಲ ಎಂಬುದು 2013ರಲ್ಲಿ ಶಾಸನವಾಯಿತು. ವೈದ್ಯರು ನಡೆಸುತ್ತಿದ್ದ 'ಎರಡು ಬೆರಳಿನ ಪರೀಕ್ಷೆ'ಯನ್ನು ಸುಪ್ರೀಂ ಕೋರ್ಟ್ 2013ರಲ್ಲೇ ತಪ್ಪೆಂದಿತ್ತು. 2022ರ ಅಕ್ಟೋಬರ್ 31ರಂದು, ಇನ್ನು ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ಎಚ್ಚರಿಸಿತು. ಲಿಂಗ ಪೂರ್ವಗ್ರಹದ ಭಾಷೆಯನ್ನು ತೀರ್ಪುಗಳಿಂದ ದೂರವಿಡಲು 2023ರ ಆಗಸ್ಟ್‌ನಲ್ಲಿ ನ್ಯಾಯಾಧೀಶರಿಗಾಗಿ ಕೈಪಿಡಿಯನ್ನೇ ಹೊರತಂದಿತು.

ಇಷ್ಟಾದ ಮೇಲೂ 2025ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟಿನ ಜಾಮೀನು ಆದೇಶವೊಂದು, ದೂರುದಾರೆ ತೊಂದರೆಯನ್ನು ತಾನೇ ಆಹ್ವಾನಿಸಿಕೊಂಡಳು ಎಂದು ಬರೆಯಿತು. ಮರುತಿಂಗಳು ಸುಪ್ರೀಂ ಕೋರ್ಟ್ ಅದಕ್ಕೆ ಆಕ್ಷೇಪಿಸಿತು. ಶಾಸನ ಬದಲಾದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ.

ಸದನದಲ್ಲಿ ನಕ್ಕವರು

ಮನಸ್ಸು ಬದಲಾಗದಿರುವುದಕ್ಕೆ ನಾವು ಆರಿಸಿ ಕಳಿಸಿದವರೇ ಸಾಕ್ಷಿ. 2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಜನಜಂಗುಳಿಯಲ್ಲಿ ಹೆಣ್ಣುಮಕ್ಕಳ ಮೇಲೆ ಕೈಹಾಕಲಾಯಿತು. ಆಗಿನ ಗೃಹ ಸಚಿವ ಜಿ. ಪರಮೇಶ್ವರ ಅವರು ಯುವಜನರ ಪಾಶ್ಚಾತ್ಯ ಮನೋಭಾವ, ಪಾಶ್ಚಾತ್ಯ ಉಡುಪಿನ ಮಾತೆತ್ತಿದರು. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ, ಗೃಹ ಸಚಿವರಾಗಿದ್ದ ಆರಗ ಜ್ಞಾನೇಂದ್ರ ಅವರು ಅಂಥ ನಿರ್ಜನ ಜಾಗಕ್ಕೆ ಆಕೆ ಹೋಗಬಾರದಿತ್ತು ಎಂದರು. ಅದೇ ಹೊತ್ತಿಗೆ ಮೈಸೂರು ವಿಶ್ವವಿದ್ಯಾಲಯ ಸಂಜೆ 6.30ರ ಬಳಿಕ ವಿದ್ಯಾರ್ಥಿನಿಯರು ಮಾನಸಗಂಗೋತ್ರಿ ಆವರಣದಲ್ಲಿ ಒಂಟಿಯಾಗಿ ಓಡಾಡಬಾರದೆಂದು ಸುತ್ತೋಲೆ ಹೊರಡಿಸಿತು. ಅಪರಾಧ ಮಾಡಿದವರು ಗಂಡಸರು, ಕಟ್ಟುಪಾಡು ಬಿದ್ದದ್ದು ಹೆಣ್ಣುಮಕ್ಕಳಿಗೆ. ವಿರೋಧ ಬಂದ ಮೇಲೆ ಸಚಿವರು ತಮ್ಮ ಮಾತನ್ನು ಹಿಂತೆಗೆದುಕೊಂಡರು, ವಿಶ್ವವಿದ್ಯಾಲಯವೂ ತನ್ನ ಸುತ್ತೋಲೆಯನ್ನು ಹಿಂತೆಗೆದುಕೊಂಡಿತು.

ಅದೇ ವರ್ಷದ ಡಿಸೆಂಬರ್ 16ರಂದು, ದೆಹಲಿಯ ಘಟನೆಗೆ ಸರಿಯಾಗಿ ಒಂಬತ್ತು ವರ್ಷ ತುಂಬಿದ ದಿನ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮಾಜಿ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅವರು, ಅತ್ಯಾಚಾರ ತಪ್ಪಿಸಲಾಗದಿದ್ದರೆ ಮಲಗಿ ಸುಖಿಸಬೇಕೆಂಬ ಹೊಲಸು ನಾಣ್ಣುಡಿಯನ್ನು ಸದನದ ಗದ್ದಲಕ್ಕೆ ಹೋಲಿಕೆಯಾಗಿ ಬಳಸಿದರು. ಪೀಠದಲ್ಲಿದ್ದ ಸ್ಪೀಕರ್ ನಕ್ಕರು. ಮರುದಿನ ರಮೇಶ್ ಕುಮಾರ್ ಕ್ಷಮೆ ಕೇಳಿದರು. ಒಬ್ಬರ ನಾಲಿಗೆ ತಪ್ಪಿತೆಂದೇ ಇಟ್ಟುಕೊಳ್ಳೋಣ. ಆ ನಗು ಎಲ್ಲಿಂದ ಬಂತು? ನಾಡಿನ ಹೆಣ್ಣುಮಕ್ಕಳಿಗೆ ಕಾನೂನು ರೂಪಿಸುವ ಮನೆಯಲ್ಲಿ ಅಂಥ ಮಾತು ತಮಾಷೆಯಾಗಿ ಕೇಳಿಸಿತಲ್ಲ, ನೋವಿನ ಸಂಗತಿ ಅದು. ಇಲ್ಲಿ ಪಕ್ಷಭೇದವೂ ಇರಲಿಲ್ಲ.

'ಹೊತ್ತು ಮುಳುಗೋ ಮುಂಚೆ ಮನೆ ಸೇರ್ಕೋ' ಎಂಬ ಬುದ್ಧಿಮಾತು ನಿಂತಿರುವುದು, ಅಪಾಯ ಮನೆಯ ಹೊರಗಿದೆ, ಕತ್ತಲಲ್ಲಿದೆ, ಅಪರಿಚಿತನಲ್ಲಿದೆ ಎಂಬ ನಂಬಿಕೆಯ ಮೇಲೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷ ಪ್ರಕಟಿಸುವ ಅಂಕಿಅಂಶ ಬೇರೆಯೇ ಹೇಳುತ್ತದೆ. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ. ಬಂಧು, ನೆರೆಯವ, ಗೆಳೆಯ, ಮದುವೆಯಾಗುವೆನೆಂದು ನಂಬಿಸಿದವ, ಕೆಲಸ ಕೊಟ್ಟ ಯಜಮಾನ. ಮನೆಯೊಳಗೆ ಸೋದರಮಾವನಿಂದ ನೊಂದ ಹುಡುಗಿಗೆ ಯಾವ ಉಡುಪನ್ನು ಬದಲಿಸು ಎನ್ನುತ್ತೀರಿ? ಯಾವ ಹೊತ್ತಿಗೆ, ಯಾವ ಮನೆ ಸೇರು ಎನ್ನುತ್ತೀರಿ?

ಯಾಕೆ ಹೀಗೆ ಕೇಳುತ್ತೇವೆ?

ಹೀಗೆ ಕೇಳುವವರೆಲ್ಲ ಕೆಟ್ಟವರಲ್ಲ. ಹೆತ್ತ ತಾಯಂದಿರೂ ಕೇಳುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಒಂದು ಪ್ರಯೋಗ ಮಾಡಿದರು. ಪಾಠ ಕಲಿಯುತ್ತಿದ್ದ ಹೆಣ್ಣುಮಗಳೊಬ್ಬಳು ತಪ್ಪಿದಾಗಲೆಲ್ಲ ವಿದ್ಯುತ್ ಆಘಾತಕ್ಕೆ ನರಳುವುದನ್ನು ವಿದ್ಯಾರ್ಥಿನಿಯರು ನೋಡುತ್ತಿದ್ದರು. ಅವಳದು ನಟನೆ ಎಂಬುದು ನೋಡುವವರಿಗೆ ಗೊತ್ತಿರಲಿಲ್ಲ. ಅವಳ ನೋವನ್ನು ನಿಲ್ಲಿಸುವ ಅವಕಾಶವಿದ್ದವರು ಅವಳ ಬಗ್ಗೆ ಒಳ್ಳೆಯ ಮಾತನ್ನೇ ಆಡಿದರು. ನೋವು ಮುಂದುವರಿಯುತ್ತದೆ, ತಮ್ಮಿಂದ ಏನೂ ಆಗದು ಎಂದು ತಿಳಿದವರು ಅವಳನ್ನೇ ಹೀಗಳೆಯತೊಡಗಿದರು. ಲೋಕದಲ್ಲಿ ನ್ಯಾಯವಿದೆ, ಒಳ್ಳೆಯವರಿಗೆ ಕೆಟ್ಟದ್ದಾಗದು ಎಂಬ ನಂಬಿಕೆಯನ್ನು ಕಾಪಾಡಿಕೊಳ್ಳಲು ಮನುಷ್ಯರು ನೊಂದವರಲ್ಲೇ ತಪ್ಪು ಹುಡುಕುತ್ತಾರೆ ಎಂದು ಲರ್ನರ್ ಹೇಳಿದರು.

ಆ ಅರಿವು ನಮ್ಮ ಊರಿಗೂ ಸಲ್ಲುತ್ತದೆ. 'ಅಷ್ಟೊತ್ನಲ್ಲಿ ಅವಳಿಗಲ್ಲೇನು ಕೆಲ್ಸ ಇತ್ತು?' ಎಂದು ಕೇಳುವ ಪಕ್ಕದ ಮನೆಯಾಕೆ ತನ್ನ ಮಗಳಿಗೆ ಹೀಗಾಗದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿರುತ್ತಾಳೆ. ತನ್ನ ಮಗಳು ಅಷ್ಟು ಹೊತ್ತಿಗೆ ಹೊರಗೆ ಹೋಗುವುದಿಲ್ಲ, ಹಾಗಾಗಿ ಕ್ಷೇಮ. ಮುಳ್ಳು ಬಂದು ಎಲೆಯ ಮೇಲೆ ಬಿದ್ದರೂ, ಎಲೆ ಹೋಗಿ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಎಲೆಯೇ ಎಂಬ ಗಾದೆಯನ್ನು ನಮ್ಮಲ್ಲಿ ಪ್ರತಿ ಹುಡುಗಿಯೂ ಕೇಳಿ ಬೆಳೆಯುತ್ತಾಳೆ. ಹೇಳುವವರಿಗೆ ಅದು ಪ್ರೀತಿಯ ಎಚ್ಚರಿಕೆ. ಆದರೆ ಗಿಡದ ಮುಳ್ಳಿಗೆ ವಿವೇಚನೆಯಿಲ್ಲ, ಗಂಡಸಿಗೆ ಇದೆ. ಗಾದೆ ಅವನನ್ನು ಮುಳ್ಳಾಗಿಸಿ ಹೊಣೆಯಿಂದ ಬಿಡುಗಡೆ ಮಾಡಿಬಿಡುತ್ತದೆ.

ಜಾತಿಯೂ ಇಲ್ಲಿ ಮಾತಾಡುತ್ತದೆ. ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಬಾಲ್ಯವಿವಾಹ ತಡೆಯಲು ಹೋಗಿ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೊಳಗಾದೆನೆಂದು ದೂರಿದ ಭಂವರಿ ದೇವಿಯವರ ಮೊಕದ್ದಮೆಯಲ್ಲಿ 1995ರಲ್ಲಿ ಆರೋಪಿಗಳು ಖುಲಾಸೆಯಾದರು. ಮೇಲ್ಜಾತಿಯವರು ಕೆಳಜಾತಿಯ ಹೆಣ್ಣನ್ನು ಮುಟ್ಟಿಯಾರೇ ಎಂಬ ತರ್ಕ ಆ ತೀರ್ಪಿನಲ್ಲಿ ಕೆಲಸ ಮಾಡಿತು. ಆಕೆಯ ನೋವಿನಿಂದಲೇ ಹೊರಟ ಹೋರಾಟ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪಾಗಿ ದೇಶದ ಎಲ್ಲ ಉದ್ಯೋಗಸ್ಥ ಮಹಿಳೆಯರಿಗೆ ಲೈಂಗಿಕ ಕಿರುಕುಳದಿಂದ ರಕ್ಷಣೆ ತಂದುಕೊಟ್ಟಿತು. ಆಕೆಗೆ ಮಾತ್ರ ಊರಿನ ಬಹಿಷ್ಕಾರವೇ ಸಿಕ್ಕಿತು.

ತಡ ಮಾಡಿಸುವವರು ಯಾರು?

ದೂರು ಕೊಟ್ಟ ಮರುಗಳಿಗೆಯೇ ಕೇಳಿಬರುವ ಪ್ರಶ್ನೆ: 'ಇಷ್ಟು ದಿನ ಯಾಕೆ ಸುಮ್ನಿದ್ಲು?' ಉತ್ತರ ಕೇಳುವವರ ಮನೆಯಲ್ಲೇ ಇದೆ.

ಹುಡುಗಿ ಮನೆಗೆ ಬಂದು ಅಮ್ಮನ ಹತ್ತಿರ ಹೇಳುತ್ತಾಳೆ. ಅಮ್ಮನ ಮೊದಲ ಕೆಲಸ ಅವಳನ್ನು ಬಚ್ಚಲಿಗೆ ಕರೆದೊಯ್ಯುವುದು. ತಲೆಗೆ ನೀರು ಹಾಕಿ, ಬಟ್ಟೆ ಒಗೆದುಹಾಕಿ, ಮೈಲಿಗೆ ತೊಳೆದುಬಿಟ್ಟರೆ ಆದದ್ದೂ ತೊಳೆದುಹೋಗುತ್ತದೆ ಎಂಬ ಆಸೆ. ವಿಧಿವಿಜ್ಞಾನಕ್ಕೆ ಬೇಕಿದ್ದ ಕುರುಹೆಲ್ಲ ಆ ನೀರಿನ ಜೊತೆ ಹರಿದುಹೋಗುತ್ತದೆ. ಎರಡನೆಯ ಮಾತು: 'ಯಾರ ಹತ್ರಾನೂ ಬಾಯಿ ಬಿಡ್ಬೇಡ, ನಿಮ್ಮಪ್ಪನಿಗೆ ಗೊತ್ತಾದ್ರೆ ಎದೆ ಒಡ್ಕೋತಾರೆ.' ಮೂರನೆಯದು: 'ನಾಳೆ ನಿನ್ನ ತಂಗಿಗೆ ಗಂಡು ಸಿಗ್ಬೇಕಲ್ಲವ್ವಾ?' ಅಷ್ಟರಲ್ಲಿ ಊರ ಹಿರಿಯರು ಪಂಚಾಯಿತಿ ಸೇರುತ್ತಾರೆ. ಆತನಿಂದ ಒಂದಿಷ್ಟು ದುಡ್ಡು ಕೊಡಿಸಿ ಮುಗಿಸೋಣ, ಇಲ್ಲವೇ ಅವನಿಗೇ ಕಟ್ಟಿಬಿಡೋಣ ಎನ್ನುತ್ತಾರೆ. ಅದನ್ನೂ ದಾಟಿ ಠಾಣೆಗೆ ಹೋದರೆ, ಯೋಚನೆ ಮಾಡಿ ನಾಳೆ ಬನ್ನಿ ಎನ್ನುವ ಸಾಹೇಬರು ಸಿಗಬಹುದು. ದಿನಗಳು ಹೀಗೆ ಕಳೆಯುತ್ತವೆ. ಕೊನೆಗೆ ನ್ಯಾಯಾಲಯದಲ್ಲಿ ಎದುರು ವಕೀಲರು ಎದ್ದುನಿಂತು ತಡವಾದದ್ದೇಕೆ, ಬಟ್ಟೆ ಎಲ್ಲಿ, ಗಾಯ ಎಲ್ಲಿ ಎಂದು ಕೇಳುತ್ತಾರೆ. ತಡ ಮಾಡಿಸಿದವರು ನಾವು. ತಡಕ್ಕೆ ಉತ್ತರ ಕೊಡಬೇಕಾದವಳು ಅವಳು. ಆಪಾದಿತನ ವಕೀಲರಿಗಿಂತ ಮೊದಲೇ, ಅವರಿಗಿಂತ ಹೆಚ್ಚಾಗಿ ಅವನನ್ನು ಕಾಪಾಡಿದ್ದು ನಮ್ಮ ಮರ್ಯಾದೆಯ ಕಲ್ಪನೆ.

ಹಾಸನದಲ್ಲಿ ಆದದ್ದನ್ನು ನಾಡು ನೋಡಿದೆ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಮತದಾನಕ್ಕೆ ಕೆಲವೇ ದಿನಗಳಿದ್ದಾಗ, ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳು ಪೆನ್‌ಡ್ರೈವ್‌ಗಳಲ್ಲಿ ಬೀದಿಬೀದಿಗೆ ಬಿದ್ದವು. ಮುಖ ಮರೆಮಾಡುವ ಕನಿಷ್ಠ ಕರುಣೆಯೂ ಹಂಚಿದವರಿಗೆ ಇರಲಿಲ್ಲ. ಗುರುತು ಸಿಕ್ಕಿದ ಮಹಿಳೆಯರು ಮನೆಯಿಂದ ಹೊರಬರಲಾಗದೆ, ಕೆಲವರು ಊರನ್ನೇ ತೊರೆದು ಬದುಕಬೇಕಾಯಿತು. ಕೃತ್ಯ ಎಸಗಿದವನೊಬ್ಬ, ಮೊಬೈಲಿನಿಂದ ಮೊಬೈಲಿಗೆ ದಾಟಿಸಿ ಅದನ್ನು ಮತ್ತೆ ಮತ್ತೆ ನಡೆಸಿದವರು ಸಾವಿರಾರು. ಆ ಪ್ರಕರಣಗಳಲ್ಲಿ ಒಂದರಲ್ಲಿ ದೂರು ಕೊಟ್ಟ ಮನೆಗೆಲಸದ ಮಹಿಳೆ 2021ರಲ್ಲಿ ನಡೆದದ್ದನ್ನು 2024ರಲ್ಲಿ ಹೇಳಿದರು. ಎದುರಿದ್ದದ್ದು ಮಾಜಿ ಪ್ರಧಾನಿಯ ಮನೆತನದ ಸಂಸದ ಪ್ರಜ್ವಲ್ ರೇವಣ್ಣ. ಮೂರು ವರ್ಷ ಏಕೆ ಸುಮ್ಮನಿದ್ದರೆಂದು ಕೇಳುವವರು ಒಮ್ಮೆ ಆಕೆಯ ಜಾಗದಲ್ಲಿ ನಿಂತು ನೋಡಲಿ. ಆಕೆಯ ಸೀರೆ ಮುಖ್ಯ ಸಾಕ್ಷ್ಯವಾಯಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಪ್ರಜ್ವಲ್ ರೇವಣ್ಣ ಅವರನ್ನು ದೋಷಿಯೆಂದು ಘೋಷಿಸಿತು, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ತಡವಾಗಿ ಹೇಳಿದ ಮಾತು ಸುಳ್ಳಾಗಿರಲೇಬೇಕಿಲ್ಲ ಎಂಬುದಕ್ಕೆ ನಮ್ಮ ನೆಲದಲ್ಲೇ ಸಿಕ್ಕ ಉತ್ತರವಿದು.

ಸುಳ್ಳು ದೂರುಗಳ ಮಾತು

'ಹಾಗಾದರೆ ಹೇಳಿದ್ದನ್ನೆಲ್ಲ ನಂಬಿ ಜೈಲಿಗೆ ಹಾಕಬೇಕೇ?' ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಪರಾಧ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ ಎಂಬ ತತ್ವಕ್ಕೆ ಇಲ್ಲಿ ಯಾವ ತಕರಾರೂ ಇಲ್ಲ. ಪಾಟೀಸವಾಲು ನಡೆಯಲಿ. ಅವನು ಏನು ಮಾಡಿದ, ಎಲ್ಲಿ, ಯಾವಾಗ, ಸಾಕ್ಷ್ಯವೇನು ಎಂದು ಎಷ್ಟು ಬಿಗಿಯಾಗಿ ಬೇಕಾದರೂ ಕೇಳಲಿ. ಅವಳ ಚೂಡಿದಾರದ ಉದ್ದ, ಗೆಳೆಯರ ಲೆಕ್ಕ, ಕುಡಿದ ಲೋಟ, ಹಿಂದಿನ ಪ್ರೇಮ ಇವು ಆ ಕೃತ್ಯದ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ಸಾಕ್ಷ್ಯ ತೂಗುವುದು ನ್ಯಾಯಾಧೀಶರ ಕೆಲಸ. ಅಮ್ಮ, ಗೆಳತಿ, ಹಾಸ್ಟೆಲ್ ವಾರ್ಡನ್, ಆಶಾ ಕಾರ್ಯಕರ್ತೆ ನ್ಯಾಯಪೀಠದ ಮೇಲೆ ಕೂತವರಲ್ಲ. ಅವರ ಕೆಲಸ ಕೇಳಿಸಿಕೊಳ್ಳುವುದು, ಜೊತೆಗೆ ಹೋಗುವುದು.

ಮೊದಲು ಕೇಳಿಸಿಕೊಂಡವರ ಹೊಣೆ

ಆ ಮೊದಲ ಗಳಿಗೆಯಲ್ಲಿ ಮಾಡಬೇಕಾದದ್ದು ಏನೆಂದು ಪ್ರತಿ ಮನೆಗೂ ಗೊತ್ತಿರಬೇಕು. ಮೈ ತೊಳೆಯುವ ಮುನ್ನ ಆಸ್ಪತ್ರೆಗೆ ಹೋಗಬೇಕು. ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ, ಒದ್ದೆಯಿದ್ದರೆ ನೆರಳಲ್ಲಿ ಆರಿಸಿ ಕಾಗದದ ಚೀಲದಲ್ಲಿಡಬೇಕು, ಪ್ಲಾಸ್ಟಿಕ್ ಬೇಡ. ಎಚ್‌ಐವಿ ತಡೆಯುವ ಔಷಧಿಗೆ 72 ಗಂಟೆಗಳ, ಗರ್ಭ ತಡೆಯುವ ಮಾತ್ರೆಗೆ ಐದು ದಿನಗಳ ಗಡುವಿದೆ. ಬೇಗ ಹೋದಷ್ಟೂ ಒಳ್ಳೆಯದು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ, ನಿರಾಕರಿಸುವುದೇ ಅಪರಾಧ. ಆಕೆಯ ಒಪ್ಪಿಗೆಯಿಲ್ಲದೆ ವೈದ್ಯಕೀಯ ತಪಾಸಣೆ ನಡೆಸುವಂತಿಲ್ಲ. ದೂರನ್ನು ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು, 'ನಮ್ಮ ಸರಹದ್ದಲ್ಲ' ಎನ್ನುವ ಹಕ್ಕು ಪೊಲೀಸರಿಗಿಲ್ಲ. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ದೂರು ದಾಖಲಿಸದ ಪೊಲೀಸರಿಗೆ ಕನಿಷ್ಠ ಆರು ತಿಂಗಳ ಜೈಲಿದೆ. ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಒದಗಿಸುತ್ತದೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಶಿಕ್ಷೆ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸಿದೆನಷ್ಟೇ ಎಂಬುದು ರಕ್ಷಣೆಯಾಗದು.

ಇದನ್ನೆಲ್ಲ ಶಾಲೆಯ ಪೋಷಕರ ಸಭೆಯಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ, ಗ್ರಾಮಸಭೆಗಳಲ್ಲಿ ಹೇಳಬೇಕು. ಬೆಂಗಳೂರಿನಲ್ಲಿ ಜಸ್ಮೀನ್ ಪಥೇಜಾ 2003ರಲ್ಲಿ ಆರಂಭಿಸಿದ 'ಬ್ಲ್ಯಾಂಕ್ ನಾಯ್ಸ್' ಸಮೂಹ, ಕಿರುಕುಳಕ್ಕೊಳಗಾದಾಗ ಹೆಣ್ಣುಮಕ್ಕಳು ತೊಟ್ಟಿದ್ದ ಉಡುಪುಗಳನ್ನು ಸಂಗ್ರಹಿಸುತ್ತಾ ಬಂದಿದೆ. ಉಡುಪೇ ಕಾರಣ ಎನ್ನುವವರಿಗೆ ಎದುರಾಗಿ ಆ ಬಟ್ಟೆಗಳನ್ನೇ ಸಾಕ್ಷಿಗೆ ನಿಲ್ಲಿಸುವ ಕೆಲಸವದು. ಫ್ರಾನ್ಸಿನಲ್ಲಿ ಗಂಡನೇ ಮತ್ತು ಬರಿಸಿ ಹತ್ತಾರು ಗಂಡಸರಿಗೆ ಒಪ್ಪಿಸಿದ್ದ ಜಿಸೆಲ್ ಪೆಲಿಕೊ, 2024ರಲ್ಲಿ ಗುಟ್ಟಿನ ವಿಚಾರಣೆ ಬೇಡ, ಬಾಗಿಲು ತೆರೆಯಿರಿ ಎಂದರು. ನಾಚಿಕೆಪಡಬೇಕಾದವರು ಅವರೇ ಹೊರತು ತಾನಲ್ಲ ಎಂಬ ನಿಲುವು ಆಕೆಯದು. ಆ ಡಿಸೆಂಬರ್‌ನಲ್ಲಿ 51 ಗಂಡಸರೂ ದೋಷಿಗಳೆಂದು ತೀರ್ಪಾಯಿತು.

ಎಲ್ಲ ಹೆಣ್ಣುಮಕ್ಕಳೂ ಅಷ್ಟು ಧೈರ್ಯ ತೋರಬೇಕೆಂದು ಕೇಳುವುದು ಇನ್ನೊಂದು ಬಗೆಯ ಕ್ರೌರ್ಯವಾದೀತು. ಮುಖ ತೋರಿಸದೆ, ಹೆಸರು ಹೇಳದೆ, ಹೆದರುತ್ತಾ, ತಡವರಿಸುತ್ತಾ, ಮೂರು ವರ್ಷ ತಡವಾಗಿ ಬಂದವಳಿಗೂ ನ್ಯಾಯ ಸಿಗಬೇಕು. ಧೈರ್ಯ ಬೇಕಿರುವುದು ಅವಳ ಸುತ್ತ ಇರುವವರಿಗೆ. ತಂಗಿಯ ಮದುವೆಯ ಮಾತೆತ್ತದೆ ಮಗಳ ಕೈಹಿಡಿದು ಠಾಣೆಯ ಮೆಟ್ಟಿಲು ಹತ್ತುವ ಅಪ್ಪನಿಗೆ, ರಾಜಿ ಪಂಚಾಯಿತಿಗೆ ಒಲ್ಲೆ ಎನ್ನುವ ಊರ ಹಿರಿಯನಿಗೆ, ಅಂಥ ಮನೆಯಿಂದ ಹೆಣ್ಣು ತರಲು ಹಿಂಜರಿಯದ ಬೀಗರಿಗೆ, ಗುಂಪಿನಲ್ಲಿ ಬಂದ ವಿಡಿಯೊ ಅಳಿಸಿ ಕಳಿಸಿದವನನ್ನು ಗದರುವ ಗೆಳೆಯನಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪು ಮಾಡಿ ಮನೆಗೆ ಬಂದ ಮಗನನ್ನು ಬಚ್ಚಿಡದೆ 'ನೀನೇನು ಮಾಡಿದೆ, ಹೇಳು' ಎಂದು ಕೇಳುವ ತಂದೆ ತಾಯಿಗೆ. ಇಷ್ಟು ದಿನ ಮಗಳನ್ನು ಕೇಳಿದ ಪ್ರಶ್ನೆಗಳಿಗೆ ಇನ್ನು ಮಗ ಉತ್ತರ ಕೊಡಲಿ.